ಬೆಳ್ಳಕ್ಕಿಗೆ ಮೈನಸ್ ಹಾಕು ಅಂದಿದ್ದೆ

ಶಿವಮೊಗ್ಗದಲ್ಲಿ ಯಾರು ಹೊಸ ಕ್ಯಾಮೆರಾ ಕೊಂಡರೂ ಮೊದಲು ಹೋಗುವುದು ಎರಡೇ ಕಡೆ. ಬೆಳಗ್ಗೆ ಸಕ್ರೆಬೈಲಿನ ಆನೆ ಬಿಡಾರ, ಅಲ್ಲಿಂದ ಅದೇ ತೀರ್ಥಹಳ್ಳಿ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ಮಳೆಗಾಲದಲ್ಲಿ ಮಂಡಗದ್ದೆ ಹತ್ತಿರ ತುಂಗಾ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಊರಿನಿಂದ ಮೂವತ್ತು ಕಿಲೋಮೀಟರ್ ಆದೀತು. ದಡದಲ್ಲಿ ನಿಂತೇ ತೆಗೆಯಬಹುದು. ಹಾಗಾಗಿ ನಮ್ಮ ಭಾನುವಾರದ ಕೂಟಕ್ಕೆ ಬರುವ ಚಿತ್ರಗಳಲ್ಲಿ ಅರ್ಧ ಆನೆ, ಅರ್ಧ ಬೆಳ್ಳಕ್ಕಿ.

ಕೂಟ ಅಂದರೆ ದೊಡ್ಡದೇನಲ್ಲ. ಕೆಳಗೆ ನನ್ನ ಸ್ಟುಡಿಯೋ, ಮೇಲೆ ಒಂದು ಹಾಲ್. ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ ಆಲ್ಬಂ, ನಾಮಕರಣ, ಇವು ನನ್ನ ಹೊಟ್ಟೆಪಾಡು. ತಿಂಗಳಿಗೊಂದು ಭಾನುವಾರ ಸಂಜೆ ಹತ್ತು ಹನ್ನೆರಡು ಜನ ಮೇಲೆ ಸೇರುತ್ತಾರೆ. ಒಬ್ಬರು ಡಾಕ್ಟರು, ಒಬ್ಬರು ಎಲ್‌ಐಸಿ ಏಜೆಂಟು, ಇಬ್ಬರು ಮೂವರು ಇಂಜಿನಿಯರಿಂಗ್ ಹುಡುಗರು, ಪ್ರೈಮರಿ ಶಾಲೆಯ ಒಬ್ಬರು ಟೀಚರ್. ತಲಾ ಎರಡು ಚಿತ್ರ ತರಬೇಕು. ಟಿವಿಯಲ್ಲಿ ಹಾಕಿ ನೋಡುತ್ತೇವೆ, ಮಾತಾಡುತ್ತೇವೆ, ಮಿರ್ಚಿ ಮಂಡಕ್ಕಿ ತಿನ್ನುತ್ತೇವೆ. ಹಿರಿಯ ಅನ್ನುವ ಕಾರಣಕ್ಕೆ ಕೊನೆಯ ಮಾತು ನನ್ನದು. ಆ ಕೊನೆಯ ಮಾತಿನಿಂದ ಏನೇನು ಆಯಿತು ಅನ್ನುವುದನ್ನು ಹೇಳುತ್ತೇನೆ.

ಇಂಜಿನಿಯರಿಂಗ್ ಹುಡುಗನೊಬ್ಬ ಒಂದು ಆಗಸ್ಟಿನಲ್ಲಿ ಬೆಳ್ಳಕ್ಕಿ ತಂದಿದ್ದ. ಹಿಂದೆ ಕಪ್ಪು ನೀರು, ಮುಂದೆ ಹಕ್ಕಿ. ಹಕ್ಕಿ ಎಷ್ಟು ಬೆಳ್ಳಗಿತ್ತು ಅಂದರೆ ರೆಕ್ಕೆಯಲ್ಲಿ ಒಂದು ಗರಿಯೂ ಕಾಣುತ್ತಿರಲಿಲ್ಲ. ಪೇಪರ್ ಕತ್ತರಿಸಿ ಅಂಟಿಸಿದ ಹಾಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಬರ್ನ್ ಆಗಿತ್ತು. ನಾನು ಹೇಳಿದೆ: "ಬಿಳಿ ಹಕ್ಕಿಗೆ ಯಾವಾಗ್ಲೂ ಮೈನಸ್ ಒಂದು ಹಾಕ್ಕೋಬೇಕಪ್ಪ." ಮೈನಸ್ ಅಂದರೆ ಕ್ಯಾಮೆರಾ ತಾನಾಗಿ ತೆಗೆದುಕೊಳ್ಳುವುದಕ್ಕಿಂತ ಬೆಳಕು ಕಡಿಮೆ ಮಾಡುವುದು, ಪ್ಲಸ್ ಅಂದರೆ ಜಾಸ್ತಿ ಮಾಡುವುದು.

ಮುಂದಿನ ತಿಂಗಳು ಇನ್ನೊಂದು ಬೆಳ್ಳಕ್ಕಿ ತಂದ. ಈ ಸಲ ಹಾರುವ ಹಕ್ಕಿ, ಹಿಂದೆ ಮೋಡ ಕವಿದ ಬಿಳಿ ಆಕಾಶ. ಹಕ್ಕಿ ಕಾಗೆಯ ಹಾಗಿತ್ತು. "ಏನೋ ಇದು?" ಅಂದೆ. "ನೀವೇ ಹೇಳಿದ್ರಲ್ವಾ ಸಾರ್, ಬಿಳಿ ಹಕ್ಕಿಗೆ ಮೈನಸ್."

ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ತಪ್ಪು ನನ್ನದು. ಕ್ಯಾಮೆರಾಕ್ಕೆ ಬೆಳ್ಳಕ್ಕಿ, ಆನೆ ಒಂದೂ ಗೊತ್ತಿಲ್ಲ. ಫ್ರೇಮಿನಲ್ಲಿ ಇರುವುದನ್ನೆಲ್ಲ ಸೇರಿಸಿ ಒಂದು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ, ಅಷ್ಟೇ. ಕಪ್ಪು ನೀರು ಜಾಸ್ತಿ ಇದ್ದರೆ ಕತ್ತಲಿದೆ ಅಂದುಕೊಂಡು ಬೆಳಕು ಹೆಚ್ಚು ಬಿಟ್ಟುಕೊಳ್ಳುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ. ಬಿಳಿ ಆಕಾಶ ಜಾಸ್ತಿ ಇದ್ದರೆ ತಾನೇ ಬೆಳಕು ಕಡಿಮೆ ಮಾಡುತ್ತದೆ. ಅದರ ಮೇಲೆ ಇವನ ಮೈನಸ್ ಬೇರೆ! ಅಲ್ಲಿ ಪ್ಲಸ್ ಒಂದು, ಒಂದೂವರೆ ಬೇಕಿತ್ತು. ನಾನು ಆ ಚಿತ್ರದ ಹಿಂದಿನ ನೀರಿನ ಬಗ್ಗೆ ಮಾತಾಡಬೇಕಿತ್ತು. ಹಕ್ಕಿಯ ಬಗ್ಗೆ ಒಂದು ಶಾಸನ ಬರೆದುಕೊಟ್ಟೆ. ಹೊಸಬರ ತಲೆಯಲ್ಲಿ ಹಿರಿಯರ ಮಾತು ಹಾಗೇ ಉಳಿಯುತ್ತದೆ. ಯಾವ ಚಿತ್ರಕ್ಕೆ ಹೇಳಿದ್ದು ಅನ್ನುವುದು ಮರೆತುಹೋಗುತ್ತದೆ, ಮಾತು ಮಾತ್ರ ನಿಲ್ಲುತ್ತದೆ.

ಆವತ್ತಿನಿಂದ "ಯಾವಾಗಲೂ" ಅನ್ನುವ ಪದ ಬಿಟ್ಟೆ. "ಈ ಚಿತ್ರದಲ್ಲಿ" ಅಂತಲೇ ಮಾತು ಶುರು ಮಾಡುತ್ತೇನೆ. ಅಭ್ಯಾಸ ಆಗುವುದಕ್ಕೆ ಎರಡು ವರ್ಷ ಹಿಡಿಯಿತು.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಅದಕ್ಕೂ ಮುಂಚೆ ನಾನು ತುಂಬ ಖಡಕ್ ಆಗಿದ್ದೆ. ಹಾರಿಜಾನ್ ವಾರೆ, ಕಾಲು ಕಟ್ ಆಗಿದೆ, ಫೋಕಸ್ ಔಟ್ ಆಗಿದೆ, ಶೇಕ್ ಆಗಿದೆ ಅಂತ ಪಟಪಟ ಹೇಳಿಬಿಡುತ್ತಿದ್ದೆ. ಒಂದಿಬ್ಬರು ಬರುವುದು ನಿಲ್ಲಿಸಿದರು. ಹೆದರಿ ಪೂರ್ತಿ ಆ ಕಡೆ ವಾಲಿದೆ. ಎಲ್ಲದಕ್ಕೂ "ಸೂಪರ್". ನಮ್ಮ ಎಲ್‌ಐಸಿ ಏಜೆಂಟರು 70-300 ಲೆನ್ಸಿನಲ್ಲಿ ಹಕ್ಕಿ ತೆಗೆಯುತ್ತಿದ್ದರು. ಎಲ್ಲವೂ ಸ್ವಲ್ಪ ಮಸುಕು. ನಾನು ಸೂಪರ್ ಅನ್ನುತ್ತಲೇ ಇದ್ದೆ. ಚಿತ್ರ ಸೂಪರ್, ಆದರೂ ಶಾರ್ಪ್ ಇಲ್ಲ, ಅಂದರೆ ಲೆನ್ಸ್ ಸರಿಯಿಲ್ಲ ಅಂತ ಅವರು ಲೆಕ್ಕ ಹಾಕಿದರು. ಲೆಕ್ಕ ತಪ್ಪೇನಲ್ಲ ನೋಡಿ. ಇಎಂಐ ಮೇಲೆ ಇನ್ನೂ ದೂರದ್ದನ್ನು ಹತ್ತಿರ ಎಳೆಯುವ 150-600 ಲೆನ್ಸ್ ಕೊಂಡರು. ಮಸುಕು ಹಾಗೇ ಇತ್ತು, ಈಗ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಆಗ ಕೂತು ಎಕ್ಸಿಫ್, ಅಂದರೆ ಚಿತ್ರದ ಜೊತೆ ಕ್ಯಾಮೆರಾ ಬರೆದಿಡುವ ಸೆಟ್ಟಿಂಗ್, ತೆಗೆದು ನೋಡಿದೆ. ಹಾರುವ ಹಕ್ಕಿ, 600 ಎಂಎಂ, ಐಎಸ್‌ಒ 100, ಶಟರ್ ಸೆಕೆಂಡಿನ 1/250. ಮಳೆಗಾಲದ ಮೋಡದಲ್ಲಿ! ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ, ಅದು ಕಡಿಮೆ ಇದ್ದರೆ ಶಟರ್ ನಿಧಾನ ಆಗುತ್ತದೆ. ಐಎಸ್‌ಒ 1600ಕ್ಕೆ ಏರಿಸಿ ಶಟರ್ 1/2000ದ ಹತ್ತಿರ ತಂದಿದ್ದರೆ ಹಳೇ ಲೆನ್ಸಿನಲ್ಲೇ ಆಗುತ್ತಿತ್ತು. "ಮೊದಲೇ ಹೇಳಬಾರದಿತ್ತಾ ಸಾರ್?" ಅಂದರು. ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಕೇಳಿದರು. ಬಾಯಿ ಸಿಹಿ ಮಾಡುವ ಮಾತಿಗೂ ಬಿಲ್ ಬರುತ್ತದೆ, ಕಟ್ಟುವವರು ಬೇರೆಯವರು.

ಈಗ ನಾನು ಮಾಡುವ ಕ್ರಮ ಹೀಗಿದೆ. ಕ್ರಮ ಅಂದರೆ ಜಾಸ್ತಿ ಆಯಿತು, ಅಭ್ಯಾಸ ಅನ್ನಿ.

ಚಿತ್ರಗಳನ್ನೆಲ್ಲ ಒಬ್ಬ ಹುಡುಗ ಪೆನ್‌ಡ್ರೈವಿಗೆ ಹಾಕಿ ಹೆಸರು ತೆಗೆದು ನಂಬರ್ ಕೊಡುತ್ತಾನೆ. ಇದು ಡಾಕ್ಟರಿಗೋಸ್ಕರ ಮಾಡಿದ್ದು. ಅವರ ಕ್ಯಾಮೆರಾ ಎಲ್ಲರಿಗಿಂತ ದುಬಾರಿ, ಮನುಷ್ಯರೂ ಒಳ್ಳೆಯವರು. ಅರ್ಧ ಜನ ಅವರ ಪೇಷೆಂಟುಗಳು. ಅವರ ಚಿತ್ರಕ್ಕೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ನಂಬರ್ ಹಾಕಿದ ಮೊದಲ ತಿಂಗಳೇ ಅವರ ಆನೆ ಚಿತ್ರಕ್ಕೆ ಸರಿಯಾಗಿ ಟೀಕೆ ಬಿತ್ತು. ಪಾಪ, ಖುಷಿಯಾಗಿಯೇ ತೆಗೆದುಕೊಂಡರು. ಯಾರೂ ಏನೂ ಹೇಳುತ್ತಿಲ್ಲವಲ್ಲ ಅಂತ ಅವರಿಗೂ ಬೇಜಾರಿತ್ತಂತೆ.

ಟಿವಿಯನ್ನು ಮೊದಲು ಸರಿ ಮಾಡಿ. ಇದಕ್ಕೆ ನಗಬೇಡಿ. ಒಂದು ಸಲ ಒಬ್ಬ ಹುಡುಗಿಗೆ ಅರ್ಧ ಗಂಟೆ ಪಾಠ ಹೇಳಿದೆವು, ಹಸಿರು ಇಷ್ಟು ಏರಿಸಬಾರದು, ಗದ್ದೆ ಪ್ಲಾಸ್ಟಿಕ್ ಹಾಗೆ ಕಾಣುತ್ತೆ ಅಂತ. ಆಮೇಲೆ ನೋಡಿದರೆ ಟಿವಿ ಬಣ್ಣ ಏರಿಸಿ ತೋರಿಸುವ ವಿವಿಡ್ ಮೋಡಿನಲ್ಲಿತ್ತು. ಹಿಂದಿನ ರಾತ್ರಿ ಯಾರೋ ಮ್ಯಾಚ್ ನೋಡಿದ್ದರು. ಅವಳ ಫೋನಿನಲ್ಲಿ ಗದ್ದೆ ಗದ್ದೆಯ ಹಾಗೇ ಇತ್ತು.

ಚಿತ್ರ ಹಾಕಿದ ಮೇಲೆ ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಏನು ಕಾಣುತ್ತಿದೆ ಅನ್ನುವುದನ್ನಷ್ಟೇ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದು ನಂತರ. "ನನ್ನ ಕಣ್ಣು ಮೊದಲು ಹಿಂದಿನ ಕೆಂಪು ಬಕೆಟ್ಟಿಗೆ ಹೋಯ್ತು" ಅಂತ ಒಬ್ಬರು ಅಂದರೆ ಸಾಕು, ತೆಗೆದವರು ತಲೆ ಅಲ್ಲಾಡಿಸುತ್ತಾರೆ. ಬಕೆಟ್ ಇರಬಾರದಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ತೆಗೆದವರನ್ನು ಕೇಳುತ್ತೇನೆ, ಕ್ಯಾಮೆರಾ ಎತ್ತಿದಾಗ ನಿಮಗೆ ಏನು ಕಂಡಿತು? ನಾವು ಕಂಡಿದ್ದಕ್ಕೂ ಅವರು ಕಂಡಿದ್ದಕ್ಕೂ ಎಷ್ಟು ದೂರ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಸಲಹೆ ಒಂದೇ ಕೊಡುತ್ತೇನೆ. ಎಂಟು ತಪ್ಪು ಕಂಡರೂ ಒಂದೇ. ಅದೂ ಮುಂದಿನ ಸಲ ಆ ಜಾಗದಲ್ಲಿ ನಿಂತು ಮಾಡಬಹುದಾದದ್ದು. ಎರಡು ಹೆಜ್ಜೆ ಎಡಕ್ಕೆ ಹೋಗಿದ್ದರೆ ಕರೆಂಟ್ ಕಂಬ ಆನೆಯ ತಲೆ ಹಿಂದೆ ಬರುತ್ತಿರಲಿಲ್ಲ, ಮಂಡಿಯೂರಿದ್ದರೆ ಮರಿಯಾನೆಯ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು, ಇಂಥವು. ಫೋಟೋಶಾಪಿನಲ್ಲಿ ಅಳಿಸು ಅನ್ನುವುದು ಸುಲಭ, ಆದರೆ ಚಿತ್ರ ಎಲ್ಲಿಗೆ ಹೋಗುತ್ತದೆ ಅಂತ ಕೇಳಿಕೊಂಡು ಹೇಳಬೇಕು. ಸಲಾನ್ ಅನ್ನುವ ಫೋಟೋ ಸ್ಪರ್ಧೆಯ ನೇಚರ್ ವಿಭಾಗಕ್ಕೆ ಕಳಿಸುವುದಾದರೆ ಫೋಟೋಗ್ರಫಿ ಸಂಸ್ಥೆಗಳಾದ ಫಿಯಾಪ್, ಪಿಎಸ್‌ಎ ನಿಯಮದಲ್ಲಿ ಹಕ್ಕಿಯ ಮುಂದಿನ ಒಂದು ಕಡ್ಡಿಯನ್ನೂ ಅಳಿಸುವ ಹಾಗಿಲ್ಲ. ಕ್ರಾಪ್ ಮಾಡಿ ಅದನ್ನು ಹೊರಗಿಡಬಹುದು, ಅಷ್ಟೇ. ಮನೆ ಗೋಡೆಗೆ ಹಾಕುವುದಾದರೆ ನಿಮ್ಮಿಷ್ಟ.

ಒಂದೇ ಒಂದು ಕಡೆ ನಾನು ಮೆತ್ತಗಾಗುವುದಿಲ್ಲ. ಪಿಕಳಾರ ಹಕ್ಕಿಯ ಗೂಡಿನ ಚಿತ್ರ ಬಂದಿತ್ತು. ಮೂರು ಮರಿ ಬಾಯಿ ತೆರೆದಿವೆ, ಬೆಳಕು ಸೊಗಸಾಗಿದೆ, ಮುಂದೆ ಒಂದು ಎಲೆಯೂ ಅಡ್ಡ ಇಲ್ಲ. ಎಲೆ ಯಾಕಿಲ್ಲ ಅಂತ ಕೇಳಿದೆ. ತೆಗೆದವನು ಟೊಂಗೆ ಕತ್ತರಿಸಿದ್ದ. ಆ ಚಿತ್ರದ ಬೆಳಕು, ಫೋಕಸ್ ಬಗ್ಗೆ ನಾವು ಮಾತಾಡಲಿಲ್ಲ. ಎಲೆ ಮರೆ ಹೋದ ಗೂಡಿಗೆ ಬಿಸಿಲು, ಕಾಗೆ ಎರಡೂ ಬರುತ್ತವೆ ಅಂತ ಹೇಳಿ ಮುಂದಿನ ನಂಬರಿಗೆ ಹೋದೆವು.

ಈಗ ಟೀಚರ್ ವಿಷಯ. ಒಂದು ಜನವರಿಯಲ್ಲಿ ಅವರು ಅಡಿಕೆ ಸುಲಿಯುವ ಚಿತ್ರ ತಂದಿದ್ದರು. ಅವರ ಮನೆ ತೀರ್ಥಹಳ್ಳಿ ಕಡೆ. ರಾತ್ರಿ ಅಂಗಳದಲ್ಲಿ ಐದು ಹೆಂಗಸರು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತಿದ್ದಾರೆ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಮೇಲೆ ಟ್ಯೂಬ್‌ಲೈಟ್, ಹಿಂದೆ ನೀಲಿ ಪ್ಲಾಸ್ಟಿಕ್ ಕುರ್ಚಿ. ಹುಡುಗರು ಟ್ಯೂಬ್‌ಲೈಟಿನ ತಪ್ಪು ಹಿಡಿದರು, ನಾಯ್ಸ್ ಅಂದರು, ಅಂದರೆ ಚಿತ್ರ ಕಾಳುಕಾಳಾಗಿದೆ ಅಂತ. ಮದುವೆ ಮನೆ ಗ್ರೂಪ್ ಫೋಟೋ ಹಾಗಿದೆ ಅಂತ ನನಗೂ ಅನಿಸಿತು, ಹೇಳಲಿಲ್ಲ. "ನಿಮಗೆ ಏನು ಕಂಡಿತು ಮೇಡಂ?" ಅಂದೆ.

"ಅತ್ತೆ ಕೈ" ಅಂದರು. "ಅವರು ಕತ್ತಿ ಕಡೆ ನೋಡೋದೇ ಇಲ್ಲ ಸಾರ್. ಪಕ್ಕದವರ ಹತ್ರ ಮಾತಾಡ್ತಾ ಇರ್ತಾರೆ, ಕೈ ಪಾಡಿಗೆ ಕೈ. ಅಡಿಕೆ ರಸದ ಚೊಗರಿಂದ ಬೆರಳೆಲ್ಲ ಕಪ್ಪಾಗಿರತ್ತೆ."

ಟಿವಿಯಲ್ಲಿ ಆ ಕೈ ನನ್ನ ಉಗುರಿನಷ್ಟಿತ್ತು. ಹತ್ತಿರ ಹೋಗಿ ತೆಗೀರಿ ಅಂತ ಹೇಳಿ ಮುಗಿಸಬಹುದಿತ್ತು. ಅದರ ಬದಲು ಕ್ಯಾಮೆರಾದ ಮೆಮೊರಿ ಕಾರ್ಡ್ ತಂದಿದ್ದೀರಾ ಅಂತ ಕೇಳಿದೆ. ಇದು ನನಗೆ ಮದುವೆ ಕೆಲಸ ಕಲಿಸಿದ್ದು. ಒಳ್ಳೆ ಚಿತ್ರ ಸಾಮಾನ್ಯವಾಗಿ ಗಿರಾಕಿ ಆರಿಸಿದ್ದರ ಹಿಂದೆ ಮುಂದೆ ಎಲ್ಲೋ ಇರುತ್ತದೆ. ಆವತ್ತು ರಾತ್ರಿ ಅವರು ನಲವತ್ತು ಚಿಲ್ಲರೆ ತೆಗೆದಿದ್ದರು. ಒಂದೊಂದೇ ನೋಡುತ್ತಾ ಹೋದೆವು. ಆರಿಸಿದ್ದಕ್ಕಿಂತ ಮೂರು ಫ್ರೇಮ್ ಹಿಂದೆ ಒಂದಿತ್ತು. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಅತ್ತೆ ಪೂರ್ತಿ ಆ ಕಡೆ ತಿರುಗಿ ಯಾವುದಕ್ಕೋ ನಗುತ್ತಿದ್ದಾರೆ. ಶಟರ್ 1/15. ಕತ್ತಿ ಅಲುಗಾಡದೆ ಚೂಪಾಗಿ ನಿಂತಿದೆ, ಅದರ ಮೇಲೆ ಕೈ ಮಾತ್ರ ಹೊಗೆಯ ಹಾಗೆ ಹರಿದಿದೆ.

"ಇದು ಶೇಕ್ ಆಗಿದೆ ಅಂತ ಬಿಟ್ಟೆ ಸಾರ್" ಅಂದರು. ಕೈ ಶೇಕ್ ಆದರೆ ಚಿತ್ರ ಹೋಯಿತು ಅಂತ ಯಾರು ಹೇಳಿದ್ದು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಯಾರ ಹೆಸರು ಬರುತ್ತಿತ್ತು ಅಂತ ಗೊತ್ತಿತ್ತಲ್ಲ.

ಕ್ಯಾಮೆರಾ ಅಲುಗಾಡಿದರೆ ಕತ್ತಿಯೂ ಮಸುಕಾಗಬೇಕಿತ್ತು, ಇಲ್ಲಿ ಕೈಯೊಂದೇ ಓಡಿದೆ, ನೀವು ನೋಡಿದ್ದು ಇದೇ ಅಲ್ವಾ ಅಂದೆ. ಅವರು ಟಿವಿ ಹತ್ತಿರ ಹೋಗಿ ಸುಮ್ನೆ ನಿಂತು ನೋಡಿದರು.

ಮರುವರ್ಷ ಸುಗ್ಗಿ ಮುಗಿದ ಮೇಲೆ ಮತ್ತೆ ತಂದರು. ಈ ಸಲ ನೆಲದ ಮಟ್ಟಕ್ಕೆ ಕೂತು, ಹತ್ತಿರದಿಂದ. ಚೊಗರು ಹಿಡಿದ ಎರಡು ಕೈ, ಕತ್ತಿ, ಬುಟ್ಟಿ. ಎಡಗಡೆ ಅಂಚಿನಲ್ಲಿ ಒಂದು ಸ್ಟೀಲ್ ಲೋಟ ಅರ್ಧ ಕಟ್ ಆಗಿ ನಿಂತಿತ್ತು, ಅಂಚು ಮಿಂಚುತ್ತಿತ್ತು. ನನ್ನ ಒಂದು ಸಲಹೆ ಅದೇ. "ಆ ಲೋಟ ಕಣ್ಣು ಎಳೆಯುತ್ತೆ ಮೇಡಂ. ಎಡಗಡೆ ಸ್ವಲ್ಪ ಕ್ರಾಪ್ ಮಾಡಿ."

"ಇಲ್ಲ ಸಾರ್, ಅದಿರಲಿ" ಅಂದರು.

ಕೂಟದಲ್ಲಿ ನನ್ನ ಮಾತಿಗೆ ಇಲ್ಲ ಅಂದವರು ಅವರೇ ಮೊದಲಿಗರು ಇರಬೇಕು. ಹುಡುಗರು ನನ್ನ ಮುಖ ನೋಡಿದರು.

"ಅದ್ರಲ್ಲಿ ಚಾ ಇದೆ. ಏಳು ಗಂಟೆಗೆ ಕೊಟ್ಟಿದ್ದು. ಕೈ ಬಿಡುವಾಗಲ್ಲ, ಹಾಗೇ ಆರಿಹೋಗತ್ತೆ. ಮೇಲೆ ಕೆನೆ ಕಟ್ಟಿದೆ, ನೋಡಿ."

ಹುಡುಗನಿಗೆ ಝೂಮ್ ಮಾಡು ಅಂದೆ. ಕೆನೆ ಕಟ್ಟಿತ್ತು. ಒಂದು ಕಡೆ ಸುಕ್ಕು ಕೂಡ ಬಿದ್ದಿತ್ತು. "ಸರಿ, ಇರಲಿ" ಅಂದು ಮುಂದಿನ ನಂಬರ್ ಹಾಕಿಸಿದೆ.