ಓಡಲಾಗದ ರೈಟ್ ಬ್ಯಾಕ್‌ಗೆ ಸಿಕ್ಕ ಮೇಷ್ಟ್ರು

ಮೂವತ್ತೆರಡು ದಾಟಿದ ಮೇಲೆ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಭಾನುವಾರದ ಫುಟ್‌ಬಾಲ್ ಆಟ, ನಾನು ರೈಟ್ ಬ್ಯಾಕ್, ಅಂದರೆ ಹಿಂದೆ ಬಲಬದಿ ಕಾಯುವವನು. ಎದುರು ತಂಡದ ಕಾಲೇಜು ಹುಡುಗನೊಬ್ಬ ಚೆಂಡನ್ನು ನನ್ನ ಈ ಪಕ್ಕಕ್ಕೆ ತಳ್ಳಿ ಆ ಪಕ್ಕದಿಂದ ಓಡಿಹೋದ. ನಾನು ತಿರುಗುವಷ್ಟರಲ್ಲಿ ಗೋಲು. "ಅಂಕಲ್, ರೆಸ್ಟ್ ತಗೊಳ್ಳಿ" ಎಂದರು, ನಮ್ಮ ತಂಡದವರೇ!

ಆಗ ಹಿಡಿದದ್ದು ಆಲ್ಫ್ ರಾಮ್ಸೆ ಹುಚ್ಚು. 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆಲ್ಲಿಸಿದ ಮ್ಯಾನೇಜರ್ ಅಂತ ಆತ ಪ್ರಸಿದ್ಧ. ಅದಕ್ಕೂ ಮುಂಚೆ ಆತನೂ ರೈಟ್ ಬ್ಯಾಕ್, ಅದೂ ನಿಧಾನದ ಆಸಾಮಿ. 1949ರ ಜನವರಿಯಲ್ಲಿ, ಸೌತಾಂಪ್ಟನ್ ಕ್ಲಬ್‌ನಲ್ಲಿದ್ದಾಗ, ಮಂಡಿಗೆ ಪೆಟ್ಟು ಬಿತ್ತು. ಅವನ ಜಾಗಕ್ಕೆ ಬೇರೊಬ್ಬ ಬಂದ. ರಾಮ್ಸೆ ವಯಸ್ಸು 29. ಕಥೆ ಮುಗಿಯಿತು ಅಂದ್ಕೊಳ್ಳಬೇಕಾದ ವಯಸ್ಸು, ಅಲ್ವಾ? ಅದೇ ವರ್ಷ ಟಾಟನ್‌ಹ್ಯಾಮ್ ಕ್ಲಬ್ ಸೇರಿದ. ಮೊದಲ ಸೀಸನ್‌ನಲ್ಲೇ ಆ ತಂಡ ಎರಡನೇ ಡಿವಿಷನ್ ಗೆದ್ದಿತು. 1951ರಲ್ಲಿ ಎಲ್ಲಕ್ಕಿಂತ ಮೇಲಿನ ಮೊದಲ ಡಿವಿಷನ್ನೂ ಗೆದ್ದಿತು.

ಅಲ್ಲಿನ ಮ್ಯಾನೇಜರ್ ಆರ್ಥರ್ ರೋ ಆಡಿಸಿದ್ದು 'ಪುಶ್ ಆ್ಯಂಡ್ ರನ್'. ಚೆಂಡು ಕೊಡು, ಜಾಗ ಬದಲಿಸು. ಗೋಲ್‌ಕೀಪರ್ ಟೆಡ್ ಡಿಚ್‌ಬರ್ನ್ ಚೆಂಡನ್ನು ಆಕಾಶಕ್ಕೆ ಒದೆಯುವ ಬದಲು ರಾಮ್ಸೆಗೆ ಎಸೆಯುತ್ತಿದ್ದ. ದಾಳಿ ಅಲ್ಲಿಂದಲೇ ಶುರು.

ರಾಮ್ಸೆಯನ್ನು ನೋಡಿ ನಾನು ಮೊದಲು ಬಿಟ್ಟದ್ದು ಮೇಲೆ ಬೀಳುವ ಚಾಳಿ. ಅಂಚಿನಲ್ಲಿ ಓಡಿ ದಾಳಿ ಮಾಡುವ ವಿಂಗರ್‌ಗೆ ಚೆಂಡು ಸಿಕ್ಕ ಕೂಡಲೇ ನುಗ್ಗುತ್ತಿದ್ದೆ. ಈಗ ಎರಡು ಮಾರು ದೂರ ನಿಂತು, ಮೈ ಓರೆ ಮಾಡಿ, ಒಳದಾರಿ ಮುಚ್ಚಿ ಗೆರೆ ಕಡೆ ಮಾತ್ರ ಬಿಟ್ಟೆ. ಅವನು ಖುಷಿಯಾಗಿ ಮೂಲೆಗೆ ಓಡುತ್ತಾನೆ. ಅಲ್ಲಿಂದ ಗೋಲು ಹೊಡೆಯೋದು ಸುಮ್ನೆ ಅಲ್ಲ.

ನಮ್ಮ ಗೋಲ್‌ಕೀಪರ್ ನನಗೇ ಚೆಂಡು ಉರುಳಿಸೋ ಅಭ್ಯಾಸ ಮಾತ್ರ ಮೊದಲ ತಿಂಗಳು ಮಾನ ಕಳೆಯಿತು. ಚೆಂಡು ಬಂದ ಮೇಲೆ ತಲೆ ಎತ್ತಿ ನೋಡುತ್ತಿದ್ದೆ, ಅಷ್ಟರಲ್ಲಿ ಯಾರೋ ಕಸಿದಿರುತ್ತಿದ್ದರು. ಬೈಗುಳ ಜಾಸ್ತಿ ಆದ ಮೇಲೆ ತಿಳಿಯಿತು: ನೋಡಬೇಕಾದ್ದು ಚೆಂಡು ಬರುವ ಮುಂಚೆ. ನೋಡಿಟ್ಟುಕೊಂಡರೆ ಒಂದೇ ಟಚ್‌ನಲ್ಲಿ ಪಾಸ್ ಕೊಡಬಹುದು, ಓಡೋ ಪ್ರಮೇಯವೇ ಬರಲ್ಲ. ನಾನು ಮುಂದೆ ಹೋದಾಗ ಹಿಂದಿನ ಜಾಗ ಕಾಯೋರು ಬೇಕಲ್ಲ? ರಾಮ್ಸೆಗೆ ರೈಟ್ ಹಾಫ್, ಅಂದರೆ ಅವನ ಮುಂದೆ ಬಲಗಡೆ ಆಡುವ ಬಿಲ್ ನಿಕೋಲ್ಸನ್ ಇದ್ದ. ನನ್ನ ಹಾಫ್‌ಗೆ ಪ್ರತಿ ಭಾನುವಾರ ಮಸಾಲೆ ದೋಸೆ ಕೊಡಿಸಬೇಕಾಯಿತು.

ಎರಡು ವರ್ಷ ಚೆನ್ನಾಗೇ ನಡೆಯಿತು. ಆಮೇಲೆ ಒಂದು ತಂಡ ಬಂತು. ಗೋಲಿನ ಮುಂದೆ ನಿಲ್ಲಬೇಕಾದ ಅವರ ಸೆಂಟರ್ ಫಾರ್ವರ್ಡ್ ಹಿಂದೆ ಹಿಂದೆ ಇಳಿದ. ಅವನನ್ನು ತಡೆಯೋ ನಮ್ಮ ಸ್ಟಾಪರ್ ಅವನ ಬೆನ್ನು ಹತ್ತಿದ. ಮಧ್ಯೆ ಬಾಗಿಲು ತೆಗೆದ ಹಾಗಾಯಿತು. ಅದನ್ನು ಮುಚ್ಚಲು ಓಡಲೇಬೇಕು, ನನಗದು ಆಗದು. ನಾಲ್ಕು ಗೋಲು ತಿಂದೆವು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಮಾಡಿದ್ದೂ ಇದನ್ನೇ. ಅವರ ಸೆಂಟರ್ ಫಾರ್ವರ್ಡ್ ಹಿದೆಗ್‌ಕುಟಿ ಹಿಂದೆ ಇಳಿದು ಆಡಿದ, ಇಂಗ್ಲೆಂಡ್ 3-6ರಲ್ಲಿ ಸೋತಿತು. 33 ವರ್ಷದ ರಾಮ್ಸೆಗೆ ಅದು 32ನೇ ಅಂತರರಾಷ್ಟ್ರೀಯ ಪಂದ್ಯ, ಕೊನೆಯದೂ ಹೌದು. ಇಂಗ್ಲೆಂಡಿನ ಮೂರನೇ ಗೋಲು ಅವನ ಪೆನಾಲ್ಟಿ.

ನಮಗೂ ಆ ದಿನ ಒಂದು ಪೆನಾಲ್ಟಿ ಸಿಕ್ಕಿತು. ಹಟ ಮಾಡಿ ನಾನೇ ಒದ್ದೆ. ಚೆಂಡು ಗೋಲಿನ ಮೇಲಿಂದ ಹಾರಿ ಹಿಂದಿನ ಮೋರಿಗೆ ಬಿತ್ತು. ತರೋಕೂ ನನ್ನನ್ನೇ ಕಳಿಸಿದರು.