ನನ್ನ ಕಾಫಿಪುಡಿ ನನಗೆ ಸಿಕ್ಕಿದ್ದು

ಬೇರೆ ಮನೆ ಮಾಡಿದ ಮೊದಲ ವಾರ ಪುಡಿ ಅಂಗಡಿಯವರು "ಯಾವುದು ಹಾಕಲಿ?" ಎಂದಾಗ ಉತ್ತರ ಹೊಳೆಯಲಿಲ್ಲ. ಅಲ್ಲಿಯವರೆಗೆ ಅಮ್ಮ ಕೊಟ್ಟ ಕಾಫಿ ಕುಡಿದಿದ್ದೆನೇ ಹೊರತು ಪುಡಿ ಯಾವುದೆಂದು ಕೇಳಿರಲಿಲ್ಲ. ಕಾಫಿಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿ ಚಿಕೋರಿ, ಅದೆಂದರೆ ಕಲಬೆರಕೆ ಎಂಬ ಮಾತು ಕಿವಿಯಲ್ಲಿತ್ತು. "ಚಿಕೋರಿ ಬೇಡ, ಪ್ಯೂರ್ ಪೀಬರಿ ಕೊಡಿ" ಎಂದೆ, ದುಂಡು ಬೀಜದ ದುಬಾರಿ ಕಾಫಿ ಅದು. ಮುಂದೆ ಯಾರು ಕೇಳಿದರೂ ನನ್ನ ಇಷ್ಟ ಅದೇ ಎನ್ನುತ್ತಿದ್ದೆ.

ಅನುಮಾನ ಹುಟ್ಟಿಸಿದ್ದು ಡಬ್ಬಿ. ಪುಡಿ ತುಂಬಿದ ದಿನವನ್ನು ಅದರ ಮೇಲೆ ಬರೆದಿಡುವ ಅಭ್ಯಾಸ ನನ್ನದು. ಒಮ್ಮೆ ಪೀಬರಿ ಸಿಗದೆ 80:20 ತಂದೆವು, ಅಂದರೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಚಿಕೋರಿ ಇದ್ದರೆ ಪುಡಿ ಕಡಿಮೆ ಸಾಕು, ಆದರೂ ಡಬ್ಬಿ ವಾರ ಮೊದಲೇ ಖಾಲಿಯಾಗಿತ್ತು. ಸಂಜೆ ಇನ್ನೊಂದು ಲೋಟ ಬೇಕೆನಿಸುತ್ತಿತ್ತು, ಕುಡಿಯುತ್ತಿದ್ದೆ. ಬಾಯಿ ಹೇಳಿದ್ದೇ ಒಂದು, ಕೈ ಮಾಡಿದ್ದೇ ಒಂದು.

ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದೆ. ಪ್ರತಿ ಪುಡಿಗೂ ಪೂರ್ತಿ ಎರಡು ಡಬ್ಬಿ. ಮೊದಲ ನಾಲ್ಕು ದಿನ ನಾಲಿಗೆ ಹಳೆಯದನ್ನೇ ಹುಡುಕುತ್ತಿರುತ್ತದೆ, ಆಗ ತೀರ್ಮಾನಿಸಬಾರದು. 70:30ರಲ್ಲಿ ಡಿಕಾಕ್ಷನ್ ಗಟ್ಟಿಯಾಗಿ, ನಿಧಾನವಾಗಿ ಇಳಿಯಿತು, ಬಣ್ಣವೂ ಚೆನ್ನ. 60:40ಕ್ಕೆ ಬಂದಾಗ ಘಮ ಸತ್ತು, ಹುರಿದ ಬೇರಿನ ಕಹಿ-ಸಿಹಿ ಮಾತ್ರ ಉಳಿಯಿತು. ಚಿಕೋರಿ ಬರೀ ಗಿಡದ ಬೇರು ತಾನೇ, ಅದರಲ್ಲಿ ಕೆಫೀನ್ ಇಲ್ಲ.

ಬೀಜದ ಸರದಿ ಬಂದಾಗ ಹೆಂಡತಿಗೆ ಹೇಳಿ, ಯಾವುದು ಯಾವುದೆಂದು ತಿಳಿಸದೆ ಮೂರು ಲೋಟ ಕೊಡಿಸಿಕೊಂಡೆ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದರೆ ಅದು ಪೀಬರಿ, ಬೆಲೆಯೂ ಜಾಸ್ತಿ. ಹಾಲು ಬೆರೆತ ಮೇಲೆ ಅದಕ್ಕೂ ಪ್ಲಾಂಟೇಶನ್ 'ಎ' ಎಂಬ ದಪ್ಪ ಅರೇಬಿಕಾ ಬೀಜಕ್ಕೂ ನನಗೆ ವ್ಯತ್ಯಾಸ ಸಿಗಲಿಲ್ಲ. ರೋಬಸ್ಟಾ ಎಂಬ ಇನ್ನೊಂದು ಜಾತಿಯ ಖಡಕ್ ಕಾಫಿ ಸ್ವಲ್ಪ ಸೇರಿದ್ದ ಮೂರನೆಯ ಲೋಟವನ್ನು ಮೂರು ದಿನವೂ ಮೊದಲು ಮುಗಿಸಿದ್ದೆ. ಹಾಲಿಗೆ ಅದರ ಖಡಕ್ಕು ಬೇಕು.

ಅಮ್ಮನ ಪುಡಿಯೂ 80:20 ಎಂದು ಆಮೇಲೆ ತಿಳಿಯಿತು. ಹಾಗಾದರೆ 80:20 ಹಿಡಿಸಿದ್ದು ನನ್ನ ರುಚಿಯೋ, ಬರೀ ರೂಢಿಯೋ? ಮೂರು ತಿಂಗಳು ಬಿಡದೆ 70:30 ಕುಡಿದು ನೋಡಿದೆ. ಅದಕ್ಕೂ ಹೊಂದಿಕೊಂಡೆ, ಬೇಸರವೇನೂ ಆಗಲಿಲ್ಲ. ಆದರೆ ಸಂಜೆಯ ಎರಡನೇ ಲೋಟ ತಾನಾಗಿ ನಿಂತುಹೋಗಿತ್ತು.

ಈಗ ತರುವುದು ಪ್ಲಾಂಟೇಶನ್ 'ಎ' ಮೂರು ಪಾಲು, ರೋಬಸ್ಟಾ ಒಂದು ಪಾಲು, ಅದಕ್ಕೆ ನೂರಕ್ಕೆ ಇಪ್ಪತ್ತು ಚಿಕೋರಿ. ಹಾಲಿಲ್ಲದೆ ಕುಡಿಯುವ ದಿನ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಚಿಕೋರಿ ನಾಲಿಗೆಗೆ ಅಡ್ಡ ಬರುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಇನ್ನೊಂದು ಸಣ್ಣ ಡಬ್ಬಿ ಇಟ್ಟಿದ್ದೇನೆ, ಅದರ ಮೇಲೂ ತಾರೀಖು ಬರೆದಿದೆ.