ಅಜ್ಜಿಯ ಬಿಳಿ ಸೀರೆ, ತಾರಸಿಯ ಬಿಸಿಲು: ನನ್ನ ಅನುಭವ

ಸಯನೋಟೈಪ್ ಅಂದರೆ ಕಬ್ಬಿಣದ ಲವಣದ ದ್ರಾವಣ ಹಚ್ಚಿ, ಬಿಸಿಲಿಗಿಟ್ಟು, ನೀರಲ್ಲಿ ತೊಳೆದು ನೀಲಿ ಚಿತ್ರ ಮೂಡಿಸುವ ಹಳೇ ಫೋಟೋ ವಿಧಾನ. ಇಡೀ ಸೀರೆ ಮೇಲೆ ಅದು ನಿಲ್ಲುವುದಿಲ್ಲ ಅಂತ ನನಗೆ ಹೇಳಿದವರು ನಾಲ್ಕು ಜನ. ಇಬ್ಬರು ಪ್ರಿಂಟ್‌ಮೇಕರ್‌ಗಳು, ಒಬ್ಬರು ಫೋಟೋದವರು, ಇನ್ನೊಬ್ಬರು ಗ್ಯಾಲರಿ ನಡೆಸುವವರು. ಈಗ ಹದಿನಾಲ್ಕು ಸೀರೆ ಸರಿಯಾಗಿ ಬಂದಿವೆ. ಅವುಗಳಲ್ಲಿ ಮೊದಲನೆಯದಕ್ಕೆ ಎರಡು ವರ್ಷ ತುಂಬಿತು, ನೀಲಿ ಒಂದಿಷ್ಟೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದದ್ದು ಗೆಳೆಯ ಗೆಳತಿಯರ ಭಾವಚಿತ್ರ. ಎಲ್ಲರೂ ಕ್ವೀರ್, ಅಂದರೆ ಸಲಿಂಗಿಗಳು, ಗಂಡು-ಹೆಣ್ಣಿನ ಮಾಮೂಲಿ ಚೌಕಟ್ಟಿಗೆ ಸೇರದವರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು, ಸರಿ. ಆದರೆ ಮನೆ ಓನರ್ ಮುಂದೆ, ಅಪ್ಪನ ಮುಂದೆ ತೀರ್ಪು ಹಿಡಿದು ನಿಲ್ಲುವುದಕ್ಕೆ ಆಗುತ್ತಾ? ಮುಖ ತೋರಿಸುವ ಹಾಗಿಲ್ಲ. 1986-87ರಲ್ಲಿ ಫೋಟೋಗ್ರಾಫರ್ ಸುನಿಲ್ ಗುಪ್ತಾ ದೆಹಲಿಯಲ್ಲಿ ಗೇ ಗಂಡಸರ ಫೋಟೋ ತೆಗೆದಾಗಲೂ ಇದೇ ಪಾಡು. ಎಷ್ಟೋ ಚಿತ್ರಗಳಲ್ಲಿ ಮುಖ ಕಾಣುವುದೇ ಇಲ್ಲ. ಮುಖ ಮಸುಕು ಮಾಡುವುದು ನನಗೆ ಸೇರದು, ಟಿವಿಯ ಕ್ರೈಮ್ ಸುದ್ದಿ ನೋಡಿದ ಹಾಗೆ ಆಗುತ್ತದೆ. ಕ್ಯಾಮರಾನೇ ಬಿಟ್ಟೆ. ಬಟ್ಟೆ ಮೇಲೆ ಮಲಗಿಸು, ಬಿಸಿಲು ಬೀಳಲಿ, ಮೈ ಇದ್ದ ಜಾಗ ಬಿಳಿಯಾಗಿ ಉಳಿಯಲಿ.

ಇದು ನನ್ನ ಕಂಡುಹಿಡಿತ ಏನಲ್ಲ. 1950ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಕಲಾವಿದರಾದ ಸೂಸನ್ ವೈಲ್, ರಾಬರ್ಟ್ ರೌಶೆನ್‌ಬರ್ಗ್ ಸೇರಿ ಇದೇ ಥರ ಬೆಳಕಿಗೆ ನೀಲಿಯಾಗುವ ಬ್ಲೂಪ್ರಿಂಟ್ ಕಾಗದದ ಮೇಲೆ ಜನರನ್ನು ಮಲಗಿಸಿ ಮಾಡಿದ್ದರು. ರೌಶೆನ್‌ಬರ್ಗ್‌ಗೆ ಕಲಿಸಿಕೊಟ್ಟಿದ್ದು ವೈಲ್. ನಾನು ಓದುವಾಗ ಕೇಳಿದ್ದು ಮಾತ್ರ ರೌಶೆನ್‌ಬರ್ಗ್ ಹೆಸರೊಂದೇ. 1843ರಲ್ಲೇ ಸಯನೋಟೈಪಿನಲ್ಲಿ ಪಾಚಿಗಳ ಪುಸ್ತಕ ಶುರು ಮಾಡಿದ ಆನಾ ಆಟ್ಕಿನ್ಸ್ ಅವರ ಹೆಸರನ್ನೂ ಯಾರೂ ಎತ್ತಿರಲಿಲ್ಲ. ಇರಲಿ.

ಮೊದಲ ಒಂಬತ್ತು ಸೀರೆ ಹಾಳು. ಅವರವರ ಅಮ್ಮನ ಸೀರೆ ತನ್ನಿ ಅಂತ ಹೇಳಿದ್ದೆ. ಬಂದಿದ್ದು ಕೆಂಪು ಇಳಕಲ್, ಹಸಿರು, ನೇರಳೆ. ಕೆಂಪಿನ ಮೇಲೆ ನೀಲಿ ಎಲ್ಲಿ ಕಾಣಬೇಕು? ಗೊತ್ತಿದ್ದೂ ಆಸೆಗೆ ಬಿದ್ದು ಒಂದು ಮಾಡಿದೆ, ಸೆಗಣಿ ಬಣ್ಣ ಬಂತು. ತಿಳಿ ಬಣ್ಣದ್ದು ಹುಡುಕಿದರೆ ಅರ್ಧಕ್ಕರ್ಧ ಪಾಲಿಯೆಸ್ಟರ್. ನೀರಿಗೆ ಹಾಕಿದ ತಕ್ಷಣ ನೀಲಿಯೆಲ್ಲ ಬಕೆಟ್ಟಿಗೆ ಹೋಯಿತು. ಹೊಸ ಮಲ್, ಅಂದರೆ ತೆಳು ಹತ್ತಿ ಬಟ್ಟೆ ತಂದೆ. ಗಂಜಿ ಬಿಡಿಸಿದ್ದು ಸಾಲದೆ ಚುಕ್ಕೆ ಚುಕ್ಕೆ ಆಯಿತು. ಅಷ್ಟರಲ್ಲಿ ಸುಮಾರು 22 ಸಾವಿರ ಕೈಬಿಟ್ಟಿತ್ತು. ಒಂದು ಸೀರೆಗೆ 800 ಎಂಎಲ್ ದ್ರಾವಣ ಬೇಕು, ಕೆಮಿಕಲ್ಲಿಗೇ ನಾನೂರು ರೂಪಾಯಿ ಹತ್ತಿರ.

ಆಮೇಲೆ ಒಬ್ಬ ಗೆಳತಿ ಅಜ್ಜಿಯ ಟ್ರಂಕಿನಿಂದ ನಾಲ್ಕು ಬಿಳಿ ಸೀರೆ ತಂದಳು. ಅಜ್ಜಿಗೆ ಇಪ್ಪತ್ತಾರಕ್ಕೇ ಗಂಡ ಹೋದರಂತೆ. ಅಲ್ಲಿಂದ ಕೊನೆವರೆಗೂ ಬಿಳಿಯೇ. ಬೇರೆ ಯಾವುದನ್ನೂ ಉಡಲು ಬಿಡಲಿಲ್ಲ. ಆ ಬಟ್ಟೆ ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು, ನಾನು ಹುಡುಕುತ್ತಿದ್ದದ್ದು ಇದೇ. ಅಪ್ಪಟ ಹತ್ತಿ, ಒಗೆದೂ ಒಗೆದೂ ಗಂಜಿಯ ಸುಳಿವೇ ಇಲ್ಲ, ದ್ರಾವಣವನ್ನು ಗಟಗಟ ಕುಡಿಯುತ್ತದೆ. ಅಂಗಡಿಯಲ್ಲಿ ಎಷ್ಟು ಕೊಟ್ಟರೂ ಅಂಥ ಬಟ್ಟೆ ಸಿಗುವುದಿಲ್ಲ.

ಆ ಬಿಳಿ ಸೀರೆಯ ಮೇಲಿನ ಮೊದಲ ಅಚ್ಚು ನೋಡಿ ಕುಣಿದಾಡಿದೆ. ವಾರಕ್ಕೆ ಹಳದಿ ತಿರುಗಿತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ವರ್ಷಗಟ್ಟಲೆ ಬಾರ್ ಸೋಪು, ಸೋಡಾ ಕಂಡ ಬಟ್ಟೆ. ಕ್ಷಾರ ಎಳೆ ಎಳೆಯಲ್ಲೂ ಕೂತಿದೆ. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು, ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವಂಥದ್ದು. ಸಯನೋಟೈಪಿನ ನೀಲಿ ಅಂದರೆ ಪ್ರಷ್ಯನ್ ಬ್ಲೂ, ಅದಕ್ಕೆ ಕ್ಷಾರ ಅಂದರೆ ಯಮ. ಈಗ ದ್ರಾವಣ ಹಚ್ಚುವ ಹಿಂದಿನ ದಿನವೇ ಬಕೆಟ್ಟಿಗೆ ಎರಡು ಮುಷ್ಟಿ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಜಾಲಿಸುತ್ತೇನೆ. ಬಿಸಿಲಾದ ಮೇಲಿನ ಮೊದಲ ತೊಳೆತಕ್ಕೂ ಒಂದು ಚಿಟಿಕೆ. ಕೊನೆಯ ಎರಡು ತೊಳೆತ ಮಳೆನೀರಲ್ಲಿ, ಸಂಪಿನದ್ದು. ಟಾಯ್ಲೆಟ್ ಆ್ಯಸಿಡ್ ಕಡೆ ಮಾತ್ರ ತಿರುಗಿಯೂ ನೋಡಬೇಡಿ, ದ್ರಾವಣದಲ್ಲಿರುವ ಫೆರಿಸಯನೈಡ್ ಜೊತೆ ಸೇರಿ ವಿಷಗಾಳಿ ಎದ್ದೀತು.

ಹಚ್ಚಿದ ಸೀರೆಯನ್ನು ಹಗ್ಗಕ್ಕೆ ಹಾಕಿದರೆ ದ್ರಾವಣ ಕೆಳಗಿಳಿದು ಗೆರೆ ಗೆರೆ ಆಗುತ್ತದೆ. ನಾನು ಬೇರೆ ಥರ ಒಣಗಿಸುತ್ತೇನೆ. ಹೇಗೆ ಅಂತ ಹೇಳಲ್ಲ. ಒಂಬತ್ತು ಸೀರೆ ಕಳೆದುಕೊಂಡು ಕಲಿತದ್ದು, ಸ್ವಲ್ಪ ಹೊಟ್ಟೆಕಿಚ್ಚು ಇರಲಿ.

ತಾರಸಿಯಲ್ಲಿ ಹಾಸುವುದು ಮಾತ್ರ ಅಮ್ಮ ಸಂಡಿಗೆ ಇಡುತ್ತಿದ್ದ ಹಾಗೆಯೇ. ನಾಲ್ಕು ಮೂಲೆಗೆ ಕಲ್ಲು, ಅಂಚಿಗೆ ಹಳೇ ಚಪ್ಪಲಿ, ಕಾಗೆ ಓಡಿಸಲು ಒಬ್ಬರು. ಪಕ್ಕದ ಮನೆ ಆಂಟಿ ಇಣುಕಿ, 'ಏನಮ್ಮಾ, ಹಪ್ಪಳಾನಾ?' ಅಂದರು. 'ಹೂಂ ಆಂಟಿ, ದೊಡ್ಡದು' ಅಂದೆ. ಸೀರೆ ಮೇಲೆ ಮಲಗಿದ್ದ ಇಬ್ಬರು ಹುಡುಗರು ನಗು ತಡೆಯಲಾಗದೆ ಅಲುಗಾಡಿ ಆ ಅಚ್ಚು ಕೆಟ್ಟಿತು.

ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಹದಿನೈದು ನಿಮಿಷ ಸಾಕು. ಹನ್ನೆರಡೂವರೆಗೆ ಮಲಗಿಸಿ, ನೆರಳು ಮೈಗೇ ಅಂಟಿಕೊಂಡಿರುತ್ತದೆ. ಮೈಗೂ ಬಟ್ಟೆಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕದಿದ್ದರೆ ಬೆವರು ಇಳಿದು ಕಲೆಯಾಗುತ್ತದೆ. ನಾನು ನಿರೀಕ್ಷಿಸದೇ ಇದ್ದದ್ದು ಉಸಿರು. ಕಾಲಿನ ಅಂಚು ಚಾಕುವಲ್ಲಿ ಕೊಯ್ದ ಹಾಗೆ ಬರುತ್ತದೆ, ಪಕ್ಕೆಯ ಅಂಚು ಮಾತ್ರ ಮೆತ್ತಗೆ, ಹೊಗೆಯ ಹಾಗೆ. ಹದಿನೈದು ನಿಮಿಷ ಎದೆ ಏರಿ ಇಳಿದದ್ದು ಅಲ್ಲಿ ಕೂತಿರುತ್ತದೆ. ಇಬ್ಬರು ಒತ್ತಿಕೊಂಡು ಮಲಗಿದರೆ ಯಾರ ತೋಳು ಯಾರದ್ದು, ಗಂಡೋ ಹೆಣ್ಣೋ, ನನಗೂ ಹೇಳಲಾಗುವುದಿಲ್ಲ. ಥಿಯರಿ ಓದಿದವರು ಇದರ ಬಗ್ಗೆ ಹತ್ತು ಪುಟ ಬರೆಯಬಹುದು. ನನಗೆ ಆ ಅಂಚು ಸಾಕು.

ಮುಖ ಇಲ್ಲದಿದ್ದರೆ ಗುರುತು ಸಿಗಲ್ಲ ಅಂದುಕೊಂಡಿದ್ದೆ. ತಪ್ಪು. ಒಬ್ಬಳ ಕಾಲ್ಗೆಜ್ಜೆಯ ಮಣಿಗಳು ಒಂದೊಂದೂ ಅಚ್ಚಾಗಿದ್ದವು. 'ಇದು ಅಮ್ಮ ಕೊಡಿಸಿದ್ದು, ನೋಡಿದ ತಕ್ಷಣ ಹೇಳ್ತಾರೆ' ಅಂದಳು. ಆ ತುದಿಯನ್ನು ವಾಷಿಂಗ್ ಸೋಡಾದಲ್ಲಿ ಅದ್ದಿ ಅಳಿಸಿದೆ. ನನ್ನ ಶತ್ರುವೇ ಕೆಲಸಕ್ಕೆ ಬಂತು! ಈಗ ಗೆಜ್ಜೆ, ಬಳೆ, ಕಿವಿಯೋಲೆ ಎಲ್ಲ ಮೊದಲೇ ಬಿಚ್ಚಿಸುತ್ತೇನೆ. ಅಚ್ಚು ಒಣಗಿದ ಮೇಲೆ ಮಲಗಿದವರು ನೋಡಿ ಹೂಂ ಅನ್ನದೆ ಅದು ಹೊರಗೆ ಹೋಗುವುದಿಲ್ಲ. ಎರಡು ಸೀರೆ ಹಾಗೇ ನನ್ನ ಬೀರುವಿನಲ್ಲಿವೆ.

ನಡುವೆ ನೀಲಿಯ ಬಣ್ಣ ಬದಲಿಸಲು ಒಂದು ಅಚ್ಚನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ನೋಡಿದೆ, ಕಪ್ಪುಗಂದು ಬಂತು. ಚೆನ್ನಾಗಿತ್ತು, ಆದರೆ ಬಿಳಿ ಮೈ ಕೊಳೆಯಾದಂತೆ ಕಂಡಿತು. ಕಾಫಿ ಇನ್ನೂ ಕೆಟ್ಟದು.

'ಇದು ಕರಕುಶಲ, ಕಲೆ ಅಲ್ಲ' ಅಂದ ಗ್ಯಾಲರಿಯವರೇ ಹೋದ ವರ್ಷ ಬೆಲೆ ಕೇಳಿದರು. ಕೊಡಲಿಲ್ಲ. ಬೇರೆ ಕಡೆ ಮೂರು ಹೋದವು, ಒಂದೊಂದು ಮೂವತ್ತು ಸಾವಿರದ ಹತ್ತಿರ. ಅರ್ಧ ನನಗೆ, ಅರ್ಧ ಮಲಗಿದವರಿಗೆ. ನಗದು, ಏಕೆಂದರೆ ಬಿಲ್ಲಿನಲ್ಲಿ ಅವರ ಹೆಸರು ಬರುವ ಹಾಗಿಲ್ಲ. ಅಜ್ಜಿಯ ಸೀರೆ ತಂದ ಗೆಳತಿಗೂ ಕೊಡಲು ಹೋದೆ. ದುಡ್ಡು ಬೇಡ, ನಾಲ್ಕನೆಯ ಸೀರೆಯ ಮೇಲೆ ಯಾರನ್ನೂ ಮಲಗಿಸದೆ ಪೂರ್ತಿ ನೀಲಿ ಮಾಡಿಕೊಡು, ನಾನೇ ಉಡುತ್ತೇನೆ ಅಂದಳು. ಮಾಡಿಕೊಟ್ಟೆ. ಸೋಪು ಹಾಕಬೇಡ ಅಂತ ಸೆರಗಿಗೆ ಚೀಟಿ ಪಿನ್ ಮಾಡಿದ್ದೇನೆ.